ಕ್ಷಪಕನ ಬಾಗಿಲಲ್ಲಿ ಮೊಬೈಲು

ಕಳೆದ ವರ್ಷ ನಮ್ಮ ಬಂಧುವರ್ಗದ ವೃದ್ಧ ಶ್ರಾವಿಕೆಯೊಬ್ಬರು ಗುರುಗಳ ಅನುಮತಿ ಪಡೆದು ಸಲ್ಲೇಖನ ವ್ರತವನ್ನು ಸ್ವೀಕರಿಸಿದರು. ಮೂರನೆಯ ದಿನ ಅವರ ಮೊಮ್ಮಗನು ಚಾಪೆಯ ಎದುರಿಗೆ ಮೊಬೈಲನ್ನು ನಿಲ್ಲಿಸಿ ನೇರಪ್ರಸಾರ ಆರಂಭಿಸಿದನು. ಅವನ ಉದ್ದೇಶದಲ್ಲಿ ದೋಷವಿರಲಿಲ್ಲ. ಅಮೆರಿಕದಲ್ಲಿದ್ದ ಮಗಳಿಗೆ ಬರಲು ಸಾಧ್ಯವಾಗಿರಲಿಲ್ಲ. ಪರಊರಿನ ಬಂಧುಗಳು ದರ್ಶನಕ್ಕೆ ಹಂಬಲಿಸುತ್ತಿದ್ದರು. ಸಂಜೆಯ ಹೊತ್ತಿಗೆ ಎರಡು ಸಾವಿರ ಜನ ನೋಡುತ್ತಿರುವರೆಂದು ಪರದೆಯ ಮೂಲೆಯ ಅಂಕಿ ತೋರಿಸಿತು. ಯಾರೋ ಸಂತೋಷದಿಂದ ಅದನ್ನು ಆ ತಾಯಿಯ ಕಿವಿಯಲ್ಲಿ ಹೇಳಿದರು. ಅವರು ಕಣ್ಣು ತೆರೆದು ಮೊಬೈಲಿನತ್ತ ನೋಡಿದರು. ಆ ನೋಟ ನನ್ನನ್ನು ಇಂದಿಗೂ ಕಾಡುತ್ತಿದೆ.

ತತ್ತ್ವಾರ್ಥಸೂತ್ರವು ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಜೀವಿತಾಶಂಸೆ, ಮರಣಾಶಂಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ. ಮೊದಲನೆಯದಾದ ಬದುಕುವ ಆಸೆಯನ್ನು ನಾವು ಸಾಮಾನ್ಯವಾಗಿ ಮರಣಭಯವೆಂದೇ ತಿಳಿಯುತ್ತೇವೆ. ಆದರೆ 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಅದರ ಮೂಲವನ್ನು ಬೇರೆಡೆ ಗುರುತಿಸುತ್ತಾರೆ. ಸುತ್ತಲಿನವರು ಸಲ್ಲಿಸುವ ಆದರಕ್ಕೆ ಮನಸೋತು ಆಯುಷ್ಯವನ್ನು ಬಯಸಬೇಡವೆಂದು ಅವರು ಕ್ಷಪಕನನ್ನು ಎಚ್ಚರಿಸುತ್ತಾರೆ. ಪರದೆಯ ಮೂಲೆಯಲ್ಲಿ ಏರುತ್ತಿದ್ದುದು ಅಂಥ ಆದರದ ಲೆಕ್ಕವೇ ಅಲ್ಲವೆ?

ನಮ್ಮ ವಡ್ಡಾರಾಧನೆಯ 19 ಕಥೆಗಳಿಗೆ ಆಧಾರವಾದ ಗಾಹೆಗಳುಳ್ಳ ಭಗವತೀ ಆರಾಧನೆಯಲ್ಲಿ ಶಿವಾರ್ಯರು ಕ್ಷಪಕನ ಸೇವೆಗೆ 48 ನಿರ್ಯಾಪಕರನ್ನು ವಿಧಿಸಿದ್ದಾರೆ. ಅವರಲ್ಲಿ ಕೆಲವರ ಕೆಲಸ ಬಾಗಿಲು ಕಾಯುವುದು. ಬಂದ ಜನರಿಗೆ ಧರ್ಮಕಥೆ ಹೇಳುವವರು ಬೇರೆ. ಲೋಕವನ್ನು ಹೊರಗಟ್ಟುವುದು ಇದರ ಆಶಯವಲ್ಲ. ಒಳಗೆ ಬರುವವರನ್ನು ವಿವೇಕಿಗಳು ತೂಗಿ ನೋಡಲಿ ಎಂಬುದು. ಮೊಬೈಲಿನ ಬಾಗಿಲಿಗೆ ಅಂಥ ಕಾವಲುಗಾರನಿಲ್ಲ.

ಈ ಯಂತ್ರದ ರೀತಿಯೂ ವಿಚಾರಾರ್ಹ. ಅದು ಆಗಾಗ ಒಂದು ಪೂರ್ಣ ಚಿತ್ರವನ್ನು ಕಳುಹಿಸಿ, ನಡುವೆ ಬದಲಾದ ಭಾಗಗಳನ್ನಷ್ಟೇ ರವಾನಿಸುತ್ತದೆ. ನಿಶ್ಚಲವಾಗಿ ಮಲಗಿದ ಕ್ಷಪಕನಿಗಾಗಿ ಅದು ಕಳುಹಿಸಬೇಕಾದುದು ಅತ್ಯಲ್ಪ. ಬರುವವರು, ಹೋಗುವವರು, ಬಾಗುವವರು, ಎಂದರೆ ನಾವು, ನಮ್ಮ ಚಲನೆಯಿಂದ ಹೊರೆ ಹೆಚ್ಚಿಸುತ್ತೇವೆ. ದೂರದ ಸರ್ವರ್ ಆ ದೃಶ್ಯವನ್ನು ಕೆಲವು ಸೆಕೆಂಡುಗಳ ತುಣುಕುಗಳನ್ನಾಗಿಸಿ ಹಂಚುವುದರಿಂದ ನೋಡುಗನಿಗೆ ದೊರೆಯುವುದು ಆಗಲೇ ಕಳೆದುಹೋದ ಕ್ಷಣ. ಪ್ರಸಾರ ಮುಗಿದ ಮೇಲೂ ಯಾರಾದರೂ ಅದನ್ನು ಉಳಿಸಿಕೊಂಡಿರಬಹುದು. ವ್ರತದ ಆರಂಭದಲ್ಲಿ ಒಪ್ಪಿಗೆ ಕೊಟ್ಟವರು, ಸ್ವರ ಉಡುಗಿದ ಮೇಲೆ ಆ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವುದು ಹೇಗೆ?

ಇದಕ್ಕೆ ಪ್ರತಿಯಾಗಿ ಬಲವಾದ ವಾದವೊಂದುಂಟು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ಭಾವಿಸಿ ನಿಷೇಧಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಬಲವಂತದ ಆರೋಪ ಮಾಡುವವರಿಗೆ ಪ್ರತ್ಯಕ್ಷ ದೃಶ್ಯಕ್ಕಿಂತ ಉತ್ತಮ ಉತ್ತರವೇನಿದೆ, ಧರ್ಮಪ್ರಭಾವನೆಯೂ ಆಗುತ್ತದಲ್ಲ ಎಂದು ಮಿತ್ರರು ಕೇಳುತ್ತಾರೆ. ಚಂದ್ರಗಿರಿಯ ಬಂಡೆಗಳ ಮೇಲೆ ನಮ್ಮ ಪೂರ್ವಿಕರೂ ಇದನ್ನೇ ಬರೆಸಲಿಲ್ಲವೆ ಎನ್ನುತ್ತಾರೆ. ಬರೆಸಿದರು, ನಿಜ. ಆದರೆ ಉಳಿ ಕಲ್ಲಿಗೆ ತಾಗಿದ್ದು ಎಲ್ಲವೂ ಮುಗಿದ ಮೇಲೆ. ಆ ಲಿಪಿಯನ್ನು ಓದಿದವನ ಮೆಚ್ಚುಗೆ ಕ್ಷಪಕನ ಕಿವಿಯನ್ನು ಮುಟ್ಟುವಂತಿರಲಿಲ್ಲ. ಸಾಕ್ಷ್ಯವೇ ಬೇಕಿದ್ದರೆ ವ್ರತಸ್ವೀಕಾರದ ಮಾತುಗಳನ್ನು ಚಿತ್ರೀಕರಿಸಿ ಬಸದಿಯ ಟ್ರಸ್ಟು ಜೋಪಾನ ಮಾಡಬಹುದು. ಅದಕ್ಕೆ ಕೊನೆಯುಸಿರಿನವರೆಗೆ ಸಾವಿರಾರು ನೋಟಗಳು ಬೇಕಿಲ್ಲ.

ಮಗಳ ವಿಷಯದಲ್ಲಿ ಮಾತ್ರ ನನಗೆ ಇಷ್ಟು ನಿಶ್ಚಯವಿಲ್ಲ. ಅವಳ ಕಣ್ಣೀರು ಮಿತ್ರಾನುರಾಗವನ್ನು ಕೆರಳಿಸಬಹುದು. ಅವಳನ್ನು ಹೊರಗಿಡುವುದೂ ಒಂದು ಬಗೆಯ ಹಿಂಸೆಯೇ. ನಮ್ಮ ಮನೆಯಲ್ಲಿ ಗುರುಗಳು ಅಂದು ರಾತ್ರಿ ಪ್ರಸಾರವನ್ನು ನಿಲ್ಲಿಸಿಸಿದರು. ಮಗಳಿಗೆ ಬೇರೆಯಾಗಿ ಕರೆ ಮಾಡಿಸಿ, ಪರದೆಯನ್ನು ಗೋಡೆಯ ಕಡೆ ತಿರುಗಿಸಿ, ಮೊಬೈಲನ್ನು ದಿಂಬಿನ ಬಳಿ ಇರಿಸಿದರು. ಬೆಳಗಿನ ಜಾವ ನಾಲ್ಕರವರೆಗೆ ಅದರಿಂದ ಅವಳು ಹೇಳುತ್ತಿದ್ದ ಪಂಚನಮಸ್ಕಾರ ಮಂತ್ರ ಮಾತ್ರ ಕೇಳಿಬರುತ್ತಿತ್ತು. ತಾಯಿ ಮತ್ತೆ ಕಣ್ಣು ತೆರೆಯಲಿಲ್ಲ.