‘ನಾನೇ’ ಎನ್ನುವ ಮೇಳ

ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಮೊದಲು ಕೇಳಿಸಿದ್ದು 1727ರ ಗುಡ್ ಫ್ರೈಡೇ ದಿನ, ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚಿನಲ್ಲಿ. ಅಂದು ಅದು ಆರಾಧನೆಯ ಭಾಗವಾಗಿತ್ತು. ಎರಡು ಭಾಗಗಳ ನಡುವೆ ಪಾದ್ರಿಯ ಪ್ರಸಂಗವೂ ಇರುತ್ತಿತ್ತು. ಇಂದು ಅದೇ ಕೃತಿಯ ಹತ್ತಾರು ಧ್ವನಿಮುದ್ರಿಕೆಗಳು ನಮ್ಮ ಫೋನಿನಲ್ಲೇ ಸಿಗುತ್ತವೆ. ಯಾವ ದಿನ ಬೇಕಾದರೂ ಕೇಳಬಹುದು, ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಹಿಡಿಸಿದ ಹಾಡನ್ನಷ್ಟೇ ಆರಿಸಿಕೊಳ್ಳಬಹುದು. ಒಂದು ಸಭೆಯ ಪಶ್ಚಾತ್ತಾಪಕ್ಕೆಂದು ಹುಟ್ಟಿದ ಸಂಗೀತವನ್ನು ಆ ನಂಬಿಕೆಯಿಲ್ಲದವರು, ಜರ್ಮನ್ ಬಾರದವರು ಬರೀ ಚೆಲುವಿಗಾಗಿ ಕೇಳಿದರೆ ತಪ್ಪೇನಾದರೂ ಆಗುತ್ತದೆಯೇ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ನಂಬಿಕೆಯಿಲ್ಲದೆ ಇದು ಅರ್ಥವಾಗದು ಎನ್ನುವುದು ಒಂದು. ಸಂಗೀತಕ್ಕೆ ಧರ್ಮದ ಹಂಗಿಲ್ಲ, ನಾದವೇ ಸಾಕು ಎನ್ನುವುದು ಇನ್ನೊಂದು. ಕೃತಿಯೊಳಗಿನ ಒಂದು ಕ್ಷಣವನ್ನು ಗಮನಿಸಿದರೆ ಎರಡೂ ಸಾಲದೆನಿಸುತ್ತದೆ.

ಕೊನೆಯ ಭೋಜನದ ಸಂದರ್ಭ. ನಿಮ್ಮಲ್ಲೊಬ್ಬನು ನನ್ನನ್ನು ಹಿಡಿದುಕೊಡುವನೆಂದು ಯೇಸು ಹೇಳುತ್ತಾನೆ. ಗಾಬರಿಗೊಂಡ ಶಿಷ್ಯರು ಒಬ್ಬರ ಮೇಲೊಬ್ಬರಂತೆ, ಅವನು ನಾನೋ ಎಂದು ಕೇಳುತ್ತಾರೆ. ಮೇಳದಲ್ಲಿ ಆ ಪ್ರಶ್ನೆ ಹನ್ನೊಂದು ಸಲ ಕೇಳಿಸುತ್ತದೆ. ಹನ್ನೆರಡನೆಯವನಾದ ಯೂದ ಇನ್ನೂ ಬಾಯಿ ತೆರೆದಿಲ್ಲ. ಕಥೆ ಗೊತ್ತಿರುವ ನಾವು ಅವನಿಗಾಗಿ ಕಾಯುತ್ತೇವೆ. ಆದರೆ ಅವನ ಸರದಿ ಬರುವ ಮೊದಲೇ ಬಾಖ್ ಕಥೆಯನ್ನು ತಡೆದು ಒಂದು ಕೋರಾಲ್ ಇಡುತ್ತಾನೆ. ಅದರ ಪದ್ಯ ಹದಿನೇಳನೆಯ ಶತಮಾನದ ಪೌಲ್ ಗೆರ್‌ಹಾರ್ಟ್‌ನದು, ಅದರ ಧಾಟಿ ಲೈಪ್‌ಜಿಗ್‌ನ ಜನರಿಗೆ ಚಿರಪರಿಚಿತ. ಅದು ಹೇಳುವುದಿಷ್ಟು: ತಪ್ಪಿತಸ್ಥ ನಾನು, ಶಿಕ್ಷೆ ನನಗೆ ಸಲ್ಲಬೇಕಾದದ್ದು. ಹದಿನೇಳು ಶತಮಾನಗಳ ಹಿಂದೆ ಕೇಳಿದ ಪ್ರಶ್ನೆಗೆ ಉತ್ತರ ಬರುವುದು ಚರ್ಚಿನ ಬೆಂಚಿನಲ್ಲಿ ಕುಳಿತವರ ದನಿಯಲ್ಲಿ.

ಈ ಕೋರಾಲ್ ಹೆಚ್ಚೆಂದರೆ ಒಂದು ನಿಮಿಷದ್ದು. ಆದರೆ ಇದನ್ನು ಬಿಟ್ಟರೆ ಕೃತಿಯೇ ಅಪಾಯಕಾರಿಯಾಗುತ್ತದೆ. ಮುಂದೆ ಪಿಲಾತನೆದುರು ನಿಂತ ಗುಂಪು, ಈತನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲೆಂದು ಕೂಗುತ್ತದೆ. ಯೂರೋಪಿನಲ್ಲಿ ಯಹೂದಿಗಳನ್ನು ಹಿಂಸಿಸಲು ಶತಮಾನಗಳ ಕಾಲ ನೆಪವಾಗಿ ಬಳಕೆಯಾದ ವಾಕ್ಯವದು. ‘ನಾನೇ’ ಎಂದುಕೊಂಡು ಬಂದವರಿಗೆ ಆ ಕೂಗಿನಲ್ಲಿ ತಮ್ಮ ದನಿಯೂ ಕೇಳಿಸೀತು. ಹಾಗೆಂದುಕೊಳ್ಳದವರಿಗೆ ಅದು ಇನ್ನಾರದೋ ಅಪರಾಧ.

1941ರ ಮಾರ್ಚಿನಲ್ಲಿ ಲೈಪ್‌ಜಿಗ್‌ನಲ್ಲೇ ಈ ಕೃತಿಯ ಧ್ವನಿಮುದ್ರಣ ನಡೆಯಿತು. ನಡೆಸಿದವನು ಹಿಂದೆ ಬಾಖ್‌ನೇ ಇದ್ದ ಹುದ್ದೆಯಲ್ಲಿದ್ದ ಗುಂಥರ್ ರಾಮಿನ್. ಹಾಡಿದ್ದು ಸೇಂಟ್ ಥಾಮಸ್ ಚರ್ಚಿನ ಬಾಲಕರ ಮೇಳ, ನುಡಿಸಿದ್ದು ಗೆವಾಂಡ್‌ಹೌಸ್ ವಾದ್ಯವೃಂದ. ಮರೆತುಹೋಗಿದ್ದ ಈ ಪ್ಯಾಶನ್ನನ್ನು 1829ರಲ್ಲಿ ಬರ್ಲಿನ್‌ನಲ್ಲಿ ಮತ್ತೆ ಹಾಡಿಸಿದವನು ಯಹೂದಿ ಮನೆತನದಲ್ಲಿ ಹುಟ್ಟಿದ ಮೆಂಡೆಲ್ಸನ್. ಅನಂತರ ಅವನು ಇದೇ ಗೆವಾಂಡ್‌ಹೌಸ್ ವಾದ್ಯವೃಂದವನ್ನೂ ನಡೆಸಿದ್ದ. ಗೆವಾಂಡ್‌ಹೌಸ್ ಮುಂದಿದ್ದ ಅವನ ಪ್ರತಿಮೆಯನ್ನು 1936ರಲ್ಲೇ ಕಿತ್ತುಹಾಕಲಾಗಿತ್ತು. ಧ್ವನಿಮುದ್ರಣವಾಗಿ ವರ್ಷ ತುಂಬುವ ಮೊದಲೇ, 1942ರ ಜನವರಿಯಲ್ಲಿ, ನಗರದ ಯಹೂದಿಗಳನ್ನು ರೀಗಾಗೆ ಸಾಗಿಸಲು ಆರಂಭಿಸಿದರು. ಹಾಡಿದ ಹುಡುಗರನ್ನು ದೂರಿ ಫಲವಿಲ್ಲ, ಅವರು ಮಕ್ಕಳು. ನನ್ನನ್ನು ಕಾಡುವುದು ಬೇರೆ ಸಂಗತಿ. ಅಪರಾಧ ನನ್ನದು ಎಂಬ ಮಾತನ್ನು ಒಂದು ಊರು ತಲೆಮಾರುಗಳಿಂದ ಬಾಯಿಪಾಠ ಮಾಡಿಕೊಂಡಿತ್ತು. ಆ ಮಾತಿಗೆ ನಿಜವಾಗಿ ಕೆಲಸವಿದ್ದ ಕಾಲ ಬಂದಾಗಲೂ ಅದು ಚೆನ್ನಾಗಿಯೇ ಹಾಡಿತು. ಭಾಷೆ ಅವರದೇ, ಚರ್ಚು ಅವರದೇ, ನಂಬಿಕೆಯೂ ಅವರದೇ.

ಇಪ್ಪತ್ತು ವರ್ಷಗಳ ಬಳಿಕ, 1960-61ರಲ್ಲಿ, ಆಟೊ ಕ್ಲೆಂಪರರ್ ಲಂಡನ್‌ನಲ್ಲಿ ಇದೇ ಕೃತಿಯನ್ನು ಧ್ವನಿಮುದ್ರಿಸಿದ. ಅವನೂ ಯಹೂದಿಯಾಗಿ ಹುಟ್ಟಿದವನು, 1933ರಲ್ಲಿ ಜರ್ಮನಿ ಬಿಟ್ಟು ಹೋಗಬೇಕಾಗಿ ಬಂದವನು. ಮೂರೂವರೆ ಗಂಟೆಗೂ ಮೀರಿದ ಆ ಧ್ವನಿಮುದ್ರಣದ ಗತಿ ಇಂದಿನ ಕಿವಿಗೆ ತೀರಾ ನಿಧಾನ. ಅದರಲ್ಲೂ ಆ ಕೋರಾಲ್ ಬರುತ್ತದೆ. ಆ ಮಾತನ್ನು ಹೇಳುವ ಅಗತ್ಯ ಎಲ್ಲರಿಗಿಂತ ಕಡಿಮೆಯಿದ್ದವನೊಬ್ಬ ಅದನ್ನು ಹಾಡಿಸುತ್ತಿದ್ದಾನೆ. ಎರಡೂ ಧ್ವನಿಮುದ್ರಿಕೆಗಳಲ್ಲಿ ಪದಗಳು ಒಂದೇ, ಸ್ವರಗಳೂ ಒಂದೇ. ಹಾಡಿದವರು ಅದನ್ನು ತಮಗೇ ಹೇಳಿಕೊಂಡರೇ ಎಂಬುದನ್ನು ಯಾವ ಮೈಕ್ರೋಫೋನೂ ಹಿಡಿದಿಲ್ಲ.

ಹಾಗಾದರೆ ಹಾದಿ ತಪ್ಪುವುದು ನಂಬಿಕೆಯ ಕೊರತೆಯಿಂದಲ್ಲ. ಮೇಳದಲ್ಲಿ ನೂರು ಜನ ಒಟ್ಟಾಗಿ ‘ನಾನೇ’ ಎಂದಾಗ ಆ ‘ನಾನು’ ಎಲ್ಲರಲ್ಲೂ ಹಂಚಿಹೋಗಿ ಕೊನೆಗೆ ಯಾರದೂ ಅಲ್ಲದಾಗಬಹುದು. ಸಭೆಯೊಳಗಿನ ಪಶ್ಚಾತ್ತಾಪಕ್ಕೆ ಆ ಆಸರೆಯಿದೆ, ಆ ಅಡಗುತಾಣವೂ ಇದೆ. ಈ ವಿಷಯದಲ್ಲಿ ಧ್ವನಿಮುದ್ರಿಕೆಯನ್ನು ಪೂರ್ತಿ ಹಳಿಯಲಾರೆ. ಅದು ಕೇಳುಗನಿಗೆ ಕೃತಿಯ ಮೇಲೆ ಒಡೆತನ ಕೊಡುತ್ತದೆ, ತೊಡಕಿನ ಜಾಗಗಳನ್ನು ದಾಟಿ ಹೋಗಲು ಬಿಡುತ್ತದೆ, ನಿಜ. ಆದರೆ ಇಯರ್‌ಫೋನ್ ಹಾಕಿಕೊಂಡು ಕುಳಿತವನು ಒಬ್ಬಂಟಿ. ಪಕ್ಕದಲ್ಲಿ ದನಿಗೂಡಿಸುವವರಿಲ್ಲ, ಅವನ ಭಕ್ತಿಯನ್ನು ಮೆಚ್ಚುವವರೂ ಇಲ್ಲ. ಹನ್ನೊಂದು ಪ್ರಶ್ನೆಗಳು ಮುಗಿದಾಗ ಅವನಿಗೆ ಶಿಲುಬೆಯಲ್ಲಿ ನಂಬಿಕೆ ಇರದಿರಬಹುದು. ತಾನು ಸುಮ್ಮನಿದ್ದುದರಿಂದ ಇನ್ನೊಬ್ಬರಿಗಾದ ಕೇಡು ಮಾತ್ರ ಅವನ ಲೆಕ್ಕದಲ್ಲೂ ಇದ್ದೇ ಇರುತ್ತದೆ. ಆ ಲೆಕ್ಕ ನೆನಪಾದರೆ ಅವನು ಕೃತಿಯನ್ನು ಕೇಳಿದ್ದಾನೆ ಎಂದೇ ನಾನು ತಿಳಿಯುತ್ತೇನೆ, ಯಾವ ಧರ್ಮದವನಾದರೂ ಸರಿ. ನೆನಪಾಗದಿದ್ದರೆ, ಚರ್ಚಿನ ಮೊದಲ ಸಾಲಿನಲ್ಲಿ ಕುಳಿತು ಕೇಳಿದ್ದರೂ ಅವನಿಗೆ ದಕ್ಕಿದ್ದು ಇಂಪಾದ ಒಂದು ನಿಮಿಷ.