ಹದಿಮೂರನೆಯ ಎಲೆ

ನಮ್ಮ ಮನೆಯೊಳಗೆ ಇಸ್ಪೀಟಿಗೆ ಪ್ರವೇಶ ಇರಲಿಲ್ಲ. ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವ, ಒಳ್ಳೆಯ ಅಡಿಕೆ ತೋಟವೊಂದನ್ನು ರಮ್ಮಿಯಲ್ಲಿ ಕಳೆದವರು. ಅವರು ತೀರಿಕೊಂಡು ಎಷ್ಟೋ ವರ್ಷವಾದ ಮೇಲೂ 'ಎಲೆ' ಎಂಬ ಮಾತು ಕಿವಿಗೆ ಬಿದ್ದರೆ ಅಮ್ಮನಿಗೆ ಅದು ಬಾಳೆಲೆಯೋ ವೀಳ್ಯದೆಲೆಯೋ ಎಂದು ಖಾತ್ರಿಯಾಗಬೇಕು. ವಾಚನಾಲಯದ ಜಗಲಿಯಲ್ಲಿ ನಾನು ಇಪ್ಪತ್ತೆಂಟು ಆಡುತ್ತೇನೆಂದು ಅವರಿಗೆ ಗೊತ್ತು. ದುಡ್ಡು ಕಟ್ಟುವುದಿಲ್ಲವಲ್ಲ ಎಂದು ಗೊತ್ತಿಲ್ಲದವರ ಹಾಗೆ ಇರುತ್ತಾರೆ.

ಅಂಥ ಮನೆಗೆ ತಂಗಿಯ ಮಗಳು ಟ್ಯಾರೋ ಎಲೆಗಳ ಒಂದು ಕಟ್ಟು ತಂದಾಗ ಯಾರೂ ಬೇಡ ಎನ್ನಲಿಲ್ಲ. ಸೂರ್ಯ, ಚಂದ್ರ, ನಕ್ಷತ್ರ ಎಂದು ಚಂದದ ಚಿತ್ರಗಳು. ರೇಷ್ಮೆ ಬಟ್ಟೆಯಲ್ಲಿ ಸುತ್ತಿ ದೇವರ ಕೋಣೆಯ ಬದಿಯಲ್ಲೇ ಇಟ್ಟಳು. "ಜೂಜು ಅಲ್ಲವಲ್ಲ, ದೇವರ ವಿಷಯದ್ದು ಎಂತದೋ ಉಂಟು ಅದರಲ್ಲಿ" ಎಂದರು ಅಮ್ಮ.

ಅಮ್ಮನ ಕಣ್ಣಿನ ಪೊರೆ ತೆಗೆಸಲು ದಿನ ಗೊತ್ತಾಗಿತ್ತು. ಹಿಂದಿನ ರಾತ್ರಿ ಹುಡುಗಿ ಅಜ್ಜಿಗಾಗಿ ಒಂದು ಎಲೆ ತೆಗೆದಳು. ಬಂದದ್ದು ಹದಿಮೂರನೆಯದು: ಬಿಳಿ ಕುದುರೆಯ ಮೇಲೆ ಕರಿ ಕವಚ ತೊಟ್ಟ ಅಸ್ಥಿಪಂಜರ, ಕೆಳಗೆ 'ಮರಣ' ಎಂದು ಇಂಗ್ಲಿಷಿನಲ್ಲಿ ಹೆಸರು. ಅವಳು ಯಾರಿಗೂ ಹೇಳಬಾರದೆಂದೇ ಇದ್ದಳು. ಆದರೆ ಮುಖ ಹೇಳಿಬಿಟ್ಟಿತು. ಬೆಳಿಗ್ಗೆ ಅಮ್ಮ ಕಾರು ಹತ್ತಲಿಲ್ಲ. ಮುಂದಿನ ದಿನ ಸಿಗುವಾಗ ಮೂರು ತಿಂಗಳು ಕಳೆಯಿತು. ಆ ಮೂರು ತಿಂಗಳು ಅವರು ಅಂಗಳದ ಮೆಟ್ಟಿಲನ್ನು ಕಾಲಿನಲ್ಲಿ ತಡವಿ ಇಳಿಯುವುದನ್ನು ನಾನು ದಿನಾ ನೋಡಿದೆ. ಹುಡುಗಿಯನ್ನು ಬಯ್ಯಬೇಕೆಂದು ಬಾಯಿಗೆ ಬರುತ್ತಿತ್ತು. ಬಯ್ಯುವ ಮೊದಲು ಈ ಎಲೆ ಎಲ್ಲಿಂದ ಬಂತೆಂದು ಓದಿ ನೋಡುವ ಅಂತ ಕೂತೆ. ಮೇಷ್ಟ್ರ ಬುದ್ಧಿ.

ಟ್ಯಾರೋ ಬಹಳ ಹಳೆಯದು, ನಾವು ಆಡುವ ಐವತ್ತೆರಡು ಎಲೆ ಅದರಿಂದ ಕಳಚಿಕೊಂಡು ಬಂದದ್ದು ಎಂದು ಅನೇಕರು ನಂಬಿದ್ದಾರೆ. ನಿಜ ತಿರುಗುಮುರುಗು. ಆಟದ ಎಲೆಗಳೇ ಮೊದಲು. ಈಜಿಪ್ಟನ್ನು ಮಾಮ್ಲೂಕ್ ಸುಲ್ತಾನರು ಆಳುತ್ತಿದ್ದ ಕಾಲದಲ್ಲಿ ಅಲ್ಲಿ ಬಟ್ಟಲು, ನಾಣ್ಯ, ಕತ್ತಿ, ಪೋಲೋ ಕೋಲು ಎಂಬ ನಾಲ್ಕು ಗುಂಪಿನ ಎಲೆಗಳಿದ್ದವು. ಗುಂಪಿಗೆ ಹದಿಮೂರರಂತೆ ಐವತ್ತೆರಡು. ಅಂಥದೊಂದು ಕಟ್ಟು ಇಸ್ತಾಂಬುಲಿನ ತೋಪ್‌ಕಪಿ ಅರಮನೆಯಲ್ಲಿ ಇಂದಿಗೂ ಉಂಟು, ಕೆಲವು ಎಲೆ ಕಳೆದುಹೋಗಿದ್ದರೂ. ಅದರಲ್ಲಿ ರಾಜ, ಅವನ ಕೆಳಗೆ ಇಬ್ಬರು ನಾಯಿಬರು, ರಾಣಿ ಇಲ್ಲ. 1377ರ ಹೊತ್ತಿಗೆ ಎಲೆಯಾಟ ಇಟಲಿಗೆ ಬಂದು, ಫ್ಲಾರೆನ್ಸ್ ನಗರ ಅದಕ್ಕೆ ಕಡಿವಾಣ ಹಾಕುವಷ್ಟು ಹಬ್ಬಿತ್ತು. ಅಮ್ಮನಂಥವರು ಅಲ್ಲಿಯೂ ಇದ್ದರು ಎಂದಾಯಿತು. ಇಟಲಿಯವರಿಗೆ ಪೋಲೋ ಗೊತ್ತಿರಲಿಲ್ಲ, ಹಾಗಾಗಿ ಪೋಲೋ ಕೋಲು ಬರೀ ದೊಣ್ಣೆಯಾಯಿತು. ಮುಂದೆ 1480ರ ಸುಮಾರಿಗೆ ಫ್ರಾನ್ಸಿನವರು ಅಚ್ಚು ಹಾಕಲು ಸುಲಭವಾಗಲೆಂದು ಇವನ್ನು ಕೆಂಪು ಕಪ್ಪಿನ ಸರಳ ಗುರುತುಗಳಾಗಿ ಮಾಡಿದರು. ಅವೇ ನಮ್ಮ ಆಟಿನ್, ಡೈಮನ್, ಕ್ಲಾವರ್, ಇಸ್ಪೀಟು. 'ಸ್ಪೇಡ್' ಎಂದರೆ ಇಂಗ್ಲಿಷಿನ ಸಲಿಕೆಯಲ್ಲ, ಇಟಲಿಯ ಕತ್ತಿ. ಅದೇ ಹೆಸರನ್ನು ನಾವು ಇಡೀ ಕಟ್ಟಿಗೇ ಕೊಟ್ಟುಬಿಟ್ಟಿದ್ದೇವೆ.

ಎಲೆ ಇಟಲಿಗೆ ಬಂದು ಎರಡು ತಲೆಮಾರು ಕಳೆದ ಮೇಲೆ, 1440ರ ಆಸುಪಾಸಿನಲ್ಲಿ, ಅಲ್ಲಿಯ ಶ್ರೀಮಂತರ ಮನೆಗಳಲ್ಲಿ ಹೊಸದೊಂದು ಆಟ ಶುರುವಾಯಿತು. ಮಾಮೂಲಿ ಕಟ್ಟಿಗೆ ಪ್ರತಿ ಗುಂಪಿನಲ್ಲೂ ಒಬ್ಬ ರಾಣಿ ಸೇರಿದಳು. ರಾಜ, ರಾಣಿ, ಕುದುರೆ ಸವಾರ, ಗುಲಾಮ. ಹೀಗೆ ಐವತ್ತಾರು ಎಲೆ. ಅದರ ಮೇಲೆ ಚಿತ್ರದ ಇಪ್ಪತ್ತೆರಡು, ಒಟ್ಟು ಎಪ್ಪತ್ತೆಂಟು. ಈ ಚಿತ್ರದ ಎಲೆಗಳ ಕೆಲಸ ಒಂದೇ, ಬೇರೆ ಎಲೆಗಳನ್ನು ಹೊಡೆಯುವುದು. ಅವುಗಳನ್ನು 'ತ್ರಿಯೋನ್ಫಿ' ಎಂದು ಕರೆದರು. ಇಂಗ್ಲಿಷಿನ 'ಟ್ರಂಪ್' ಅದರಿಂದ ಬಂತು, ನಾವು ಜಗಲಿಯಲ್ಲಿ ಮುಚ್ಚಿಡುವ ತುರುಪೂ ಅದೇ ಬಳಗದ ಮಾತು. ಮಿಲಾನಿನ ದೊರೆಗಳಿಗಾಗಿ 1450ರ ಸುಮಾರಿಗೆ ಚಿನ್ನದ ರೇಕು ಹಚ್ಚಿ ಮಾಡಿದ ಎಲೆಗಳು ಇಂದಿಗೂ ಉಳಿದಿವೆ. ಫ್ರಾನ್ಸ್, ಆಸ್ಟ್ರಿಯಾಗಳಲ್ಲಿ ಈ ಆಟವನ್ನು ಈಗಲೂ ಆಡುತ್ತಾರೆ. (ಜೋಕರು ಮಾತ್ರ ಟ್ಯಾರೋದ ಮೂರ್ಖನ ಮೊಮ್ಮಗ ಅಲ್ಲ. ಅವನು 1860ರ ದಶಕದಲ್ಲಿ ಅಮೆರಿಕದಲ್ಲಿ ಬೇರೆ ಆಟಕ್ಕಾಗಿ ಹುಟ್ಟಿದವ.)

ಹಾಗಾದರೆ ಆ ಹದಿಮೂರನೆಯ ಎಲೆ ಆಟದಲ್ಲಿ ಏನು ಮಾಡುತ್ತದೆ? ಹನ್ನೆರಡನ್ನು ಹೊಡೆಯುತ್ತದೆ, ಹದಿನಾಲ್ಕಕ್ಕೆ ಸೋಲುತ್ತದೆ. ಅಷ್ಟೇ.

ಭವಿಷ್ಯದ ಮಾತು ಅದಕ್ಕೆ ಅಂಟಿದ್ದು ಮುನ್ನೂರು ವರ್ಷಕ್ಕಿಂತ ಹೆಚ್ಚು ಕಳೆದ ಮೇಲೆ. 1781ರಲ್ಲಿ ಪ್ಯಾರಿಸಿನ ಕೂರ್ ದ ಜೆಬಲಾ ಎಂಬ ವಿದ್ವಾಂಸರು ಈ ಆಟ ನಡೆಯುವುದನ್ನು ಕಂಡು, ಇದು ಈಜಿಪ್ಟಿನ ಪುರೋಹಿತರ ರಹಸ್ಯ ಗ್ರಂಥ, ನಾಶವಾಗದಿರಲೆಂದು ಆಟದ ವೇಷ ಹಾಕಿಕೊಂಡಿದೆ ಎಂದು ಬರೆದರು. ಈಜಿಪ್ಟಿನ ಚಿತ್ರಲಿಪಿಯನ್ನು ಓದುವ ದಾರಿ ತಿಳಿದದ್ದು 1822ರಲ್ಲಿ, ಷಾಂಪೋಲಿಯೋನ್ ಅವರಿಂದ. ಅಂದರೆ ಲಿಪಿಯನ್ನು ಯಾರೂ ಓದಲಾರದ ಕಾಲದಲ್ಲಿ ಹೇಳಿದ ಮಾತು ಅದು. ಲಿಪಿ ಓದಿದ ಮೇಲೂ ಅಲ್ಲಿ ಟ್ಯಾರೋ ಸಿಗಲಿಲ್ಲ. ಅದೇ ಫ್ರಾನ್ಸಿನಲ್ಲಿ ಎತೆಯ್ಯಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು 1770ರಲ್ಲಿ ಎಲೆಯಿಂದ ಭವಿಷ್ಯ ಹೇಳುವ ಪುಸ್ತಕ ಹೊರತಂದಿದ್ದರು. ಅವರು ಬಳಸಿದ್ದು ಟ್ಯಾರೋ ಅಲ್ಲ, ಏಳರಿಂದ ಎಕ್ಕದ ತನಕದ ಮೂವತ್ತೆರಡು ಮಾಮೂಲಿ ಎಲೆ. ನಾವು ಇಪ್ಪತ್ತೆಂಟಕ್ಕೆ ತೆಗೆದುಕೊಳ್ಳುವುದೂ ಅವನ್ನೇ! ನಮ್ಮ ಹುಡುಗಿಯ ಕಟ್ಟಿನ ಚಿತ್ರಗಳು ಇನ್ನೂ ಹೊಸವು, 1909ರಲ್ಲಿ ಲಂಡನಿನಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದವು.

ಇಷ್ಟೆಲ್ಲ ಓದಿ, ಗೆದ್ದೆನೆಂಬ ಹುಮ್ಮಸ್ಸಿನಲ್ಲಿ ಅವಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಮತ್ತೆ ಕೇಳಿದಳು, "ಮಾವ, ಮೊದಲು ಆಟವಾಗಿತ್ತು ಅಂತ ಆದ್ರೆ ಆಮೇಲೆ ಅರ್ಥ ಬರಬಾರದು ಅಂತ ಉಂಟಾ? ದೇವಸ್ಥಾನದ ಕಲ್ಲೂ ಮೊದಲು ಬರೀ ಕಲ್ಲೇ ಅಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಅವಳು ಹೇಳಿದ್ದು ಸರಿ. ಒಂದು ವಸ್ತು ಎಲ್ಲಿ ಹುಟ್ಟಿತು ಎಂಬುದರಿಂದ ಅದರ ಈಗಿನ ಬೆಲೆ ತೀರ್ಮಾನವಾಗುವುದಿಲ್ಲ. ಎಲೆಯ ಮಟ್ಟಿಗಂತೂ ಎಲ್ಲ ಬೆಲೆಯೂ ನಾವು ಕೊಟ್ಟದ್ದೇ. ಇಪ್ಪತ್ತೆಂಟರಲ್ಲಿ ಗುಲಾಮ ರಾಜನನ್ನು ಹೊಡೆಯುತ್ತಾನೆ, ಗುಲಾಮನಿಗೆ ಮೂರು ಅಂಕ, ರಾಜನಿಗೆ ಸೊನ್ನೆ. ರಮ್ಮಿಗೆ ಕೂತರೆ ಅದೇ ರಾಜನಿಗೆ ಹತ್ತು. ಇದನ್ನು ಒಪ್ಪುವ ನಾನು ಅವಳ ಅರ್ಥವನ್ನು ಮಾತ್ರ ಸುಳ್ಳು ಎನ್ನುವುದು ಹೇಗೆ?

ಹಲವು ದಿನ ಯೋಚಿಸಿದ ಮೇಲೆ ನನಗೆ ಕಂಡದ್ದು ಇಷ್ಟು. ಜಗಲಿಯಲ್ಲಿ ಕೂತ ನಾಲ್ವರಿಗೂ ನಿಯಮ ಗೊತ್ತು. ತುರುಪನ್ನು ಮುಚ್ಚಿಡುವುದೇನೋ ಹೌದು. ಆದರೆ ಇಳಿದ ಗುಂಪಿನ ಎಲೆ ಕೈಯಲ್ಲಿ ಇಲ್ಲದವನು ಕೇಳಿದರೆ ಅದನ್ನು ಬಿಚ್ಚಿ ತೋರಿಸಲೇಬೇಕು. ಗುಟ್ಟು ಇರಬಹುದು, ಕೇಳಿದಾಗ ತೆರೆಯದ ಗುಟ್ಟು ಇರಬಾರದು. ಅಮ್ಮನ ಎಲೆ ತೆಗೆದ ರಾತ್ರಿ ಹಾಗೆ ಇರಲಿಲ್ಲ. ಆಟಕ್ಕೆ ಕೂರದೆಯೇ ಅಮ್ಮ ಸೋತರು. 'ಅದು ಹಾಗಲ್ಲ' ಎನ್ನಲು ಅವರಿಗೆ ಒಂದು ನಿಯಮವೂ ತಿಳಿದಿರಲಿಲ್ಲ. ಈಜಿಪ್ಟಿನ ಕಥೆಯ ಕೆಲಸವೂ ಅದೇ ಎಂದು ನನ್ನ ಗುಮಾನಿ. ಅಷ್ಟು ಹಳೆಯದು ಎಂದರೆ ಯಾರು ಎದುರು ಪ್ರಶ್ನೆ ಹಾಕುತ್ತಾರೆ?

ಈ ಮಾತು ನಮ್ಮ ಕವಡೆ ಪ್ರಶ್ನೆಗೂ ತಾಗುತ್ತದೆ ಎಂದು ಬಲ್ಲೆ. ಅಲ್ಲಿ ಕುಟುಂಬದವರೆಲ್ಲ ಚಾವಡಿಯಲ್ಲಿ ಕೂತು ಅಷ್ಟಿಷ್ಟು ವಾದ ಮಾಡುವುದಾದರೂ ಉಂಟು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಅದು ಪೂರ್ತಿ ಸಮಾಧಾನವೇನಲ್ಲ. ಇನ್ನೊಂದು ಮುಳ್ಳೂ ಉಂಟು. ಸೋದರಮಾವನಿಗೆ ರಮ್ಮಿಯ ನಿಯಮ ಬಾಯಿಪಾಠ ಇತ್ತು, ತೋಟ ಹೋಗುವುದು ನಿಲ್ಲಲಿಲ್ಲ. ಅವರೊಟ್ಟಿಗೆ ಕಳೆದುಕೊಂಡ ಅತ್ತೆಗೆ ಮಾತ್ರ ಒಂದು ಎಲೆಯೂ ಹಂಚಿರಲಿಲ್ಲ.

ಅಮ್ಮನ ಆಪರೇಷನ್ ಕೊನೆಗೂ ಆಯಿತು. ಪಟ್ಟಿ ಬಿಚ್ಚಿ ಕೆಲವು ದಿನ ಕಳೆದ ಮೇಲೆ ಅವರೇ ಆ ರೇಷ್ಮೆ ಬಟ್ಟೆ ಬಿಡಿಸಿ, ಎಲೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಾ ಕೂತಿದ್ದರು. ನಾನು ನೋಡನೋಡುತ್ತಿದ್ದಂತೆ ಚಾಪೆಯ ಮೇಲೆ ನಾಲ್ಕು ಸಾಲು ಬಿದ್ದಿತು, ಎಕ್ಕದಿಂದ ಹತ್ತರ ತನಕ, ಆಮೇಲೆ ಗುಲಾಮ, ರಾಣಿ, ರಾಜ. ನಾಲ್ಕು ಎಲೆ ಮಾತ್ರ ಅವರ ಕೈಯಲ್ಲೇ ಉಳಿದವು.

"ಇದು ಇಸ್ಪೀಟೇ ಅಲ್ಲವನಾ?" ಎಂದರು. "ಈ ಕುದುರೆಯವರು ನಾಲ್ಕು ಜನ ಎಲ್ಲಿಂದ ಹೆಚ್ಚು ಬಂದರು?"

ಅಮ್ಮನಿಗೆ ಎಲೆಯ ಲೆಕ್ಕ ಇಷ್ಟು ಚೆನ್ನಾಗಿ ಬರುತ್ತದೆ ಎಂದು ನನಗೆ ಆ ದಿನವೇ ಗೊತ್ತಾದದ್ದು.