ತುಳಿಯುವ ಪಾದವೂ ಪೂಜೆಯೂ

ಉಪಕರಣಕ್ಕೆ ಅರಿಯದೆ ಕಾಲು ತಗುಲಿದರೂ ಕೂಡಲೇ ಬಾಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಸಂಸ್ಕಾರದಲ್ಲಿ ಬೆಳೆದ ನಮ್ಮ ಬಡಗಿಯು, ಕಾಲಿನಿಂದ ತುಳಿದಲ್ಲದೆ ಚಲಿಸದ ಯಂತ್ರವೊಂದರ ಮುಂದೆ ನಿಂತಾಗ ಯಾವ ಭಾವದಿಂದ ಪಾದವನ್ನು ಎತ್ತಿಯಾನು? ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ದೇಹದ ಅಂಗಗಳಲ್ಲಿ ಮೇಲುಕೀಳುಗಳನ್ನು ಎಣಿಸಿದ ಬುದ್ಧಿಯೇ ಮನುಷ್ಯರಲ್ಲಿಯೂ ಮೇಲುಕೀಳುಗಳನ್ನು ಎಣಿಸಿತಾದುದರಿಂದ, ನಾನು ಇದನ್ನು ಲಘುವಾಗಿ ಕಾಣಲಾರೆ.

ಅಂತಹ ಯಂತ್ರ ವಿದ್ಯುತ್ತು ಬರುವುದಕ್ಕೆ ಮುಂಚಿನ ಕಾಲದ್ದು. ಮುಂಬಯಿಯಲ್ಲಿ ವಿದ್ಯುತ್ ಟ್ರಾಮು ಓಡತೊಡಗಿದುದೇ 1907ರಲ್ಲಿ. ಖೋಪೋಲಿಯ ಜಲವಿದ್ಯುತ್ತು ಇಲ್ಲಿಯ ಗಿರಣಿಗಳನ್ನು ಮುಟ್ಟಿದುದು 1915ರಲ್ಲಿ. ಅದಕ್ಕೂ ಮುನ್ನ, ಉಗಿಯಂತ್ರವನ್ನು ಕೊಳ್ಳಲಾರದ ಸಣ್ಣ ಕುಶಲಕರ್ಮಿಗೆ ಲೋಕದಲ್ಲೆಲ್ಲ ಒದಗಿ ಬಂದ ಶಕ್ತಿ ಅವನ ಕೈಕಾಲುಗಳದೇ. ಅಮೆರಿಕದ ರಾಕ್‌ಫರ್ಡ್ ಪಟ್ಟಣದ ಬಾರ್ನ್ಸ್ ಸಹೋದರರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಾಲಿನಿಂದ ನಡೆಯುವ ಗರಗಸಗಳನ್ನೂ ಕಡಚಲು ಯಂತ್ರಗಳನ್ನೂ ನಿರ್ಮಿಸಿ, ಅವುಗಳಲ್ಲಿ ಕೆಲವಕ್ಕೆ ಬೈಸಿಕಲ್ಲಿನವೇ ಎನ್ನುವಂತಹ ಆಸನವನ್ನೂ ಪೆಡಲುಗಳನ್ನೂ ಜೋಡಿಸಿದರು. ತುಳಿಹಲಗೆಯ ಏರಿಳಿತ ಬಾಗುದಂಡದ ಮೂಲಕ ಭಾರವಾದ ಗಾಲಿಯೊಂದನ್ನು ತಿರುಗಿಸುತ್ತದೆ; ಗಾಲಿಯ ತಿರುಗುವಿಕೆಯನ್ನು ತೊಗಲಿನ ಪಟ್ಟಿ ಮರದ ತುಂಡಿಗೆ ಒಯ್ಯುತ್ತದೆ; ಪಾದದ ಬಲ ಸಲ್ಲದ ಬಿಂದುಗಳನ್ನು ಗಾಲಿಯ ಭಾರವೇ ದಾಟಿಸುತ್ತದೆ. ಬಿಲ್ಲಿನ ಹುರಿಯನ್ನೆಳೆದು ನಡೆಸುವ ನಮ್ಮ ಹಳೆಯ ಕಡಚಲಿನಲ್ಲಿ ಮರ ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ತಿರುಗುವುದರಿಂದ ಉಳಿ ಅರ್ಧಕಾಲ ಕಾಯಬೇಕು. ಒಂದು ಕೈ ಬಿಲ್ಲಿಗೇ ಮೀಸಲಾದುದರಿಂದ ಕಾಲ್ಬೆರಳುಗಳು ಉಳಿಯನ್ನು ಹಿಡಿಯಬೇಕು. ತುಳಿಯುವ ಯಂತ್ರದಲ್ಲಾದರೋ ಎರಡು ಕೈಗಳೂ ಉಳಿಯ ಮೇಲೆಯೇ ನಿಲ್ಲುತ್ತವೆ. ಮತ್ತು ಮರದ ಗಂಟು ಉಳಿಗೆ ಎದುರಾದಾಗ ಅದರ ಹಟವನ್ನು ಕೈಯಷ್ಟೇ ಬೇಗ ಅಂಗಾಲೂ ಅರಿಯುತ್ತದೆ. ಗತಿ ಕುಗ್ಗುತ್ತದೆ, ಕೆಲಸಗಾರ ಎಚ್ಚರಗೊಳ್ಳುತ್ತಾನೆ. ವಿದ್ಯುತ್ತಿನ ಮೋಟಾರಿಗೆ ಈ ಅರಿವು ಇಲ್ಲ.

ಹೀಗೆ ಅರಿಯಬಲ್ಲ ಅಂಗವನ್ನು ಅಪವಿತ್ರವೆನ್ನುವುದು ಹೇಗೆ? ನಮ್ಮ ಆಚಾರವನ್ನೇ ಸಮೀಪದಿಂದ ನೋಡಿದರೆ ಅದು ಹಾಗೆನ್ನುವುದೂ ಇಲ್ಲ. ಪ್ರಾತಃಕಾಲದಲ್ಲಿ ಪಾದಸ್ಪರ್ಶಕ್ಕಾಗಿ ಭೂದೇವಿಯ ಕ್ಷಮೆಯನ್ನು ಬೇಡಿದವನು ಆಮೇಲೆ ನಡೆಯದೆ ಕೂರುವುದಿಲ್ಲ. ರಂಗಕ್ಕೆ ವಂದಿಸಿದ ನರ್ತಕಿ ಆ ರಂಗವನ್ನೇ ಬಲವಾಗಿ ತಟ್ಟುತ್ತಾಳೆ. ಕ್ಷಮಾಯಾಚನೆ ಇಲ್ಲಿ ಪಾದದ ಹೀನತೆಯ ಒಪ್ಪಿಗೆಯಲ್ಲ, ಯಾವುದರ ಮೇಲೆ ನಿಂತು ನಾವು ಬಾಳುತ್ತೇವೆಯೋ ಅದರ ಋಣದ ಸ್ಮರಣೆ. ದೋಷವಿರುವುದು ಅಲಕ್ಷ್ಯದಿಂದ ತಗುಲಿದ ಕಾಲಿನಲ್ಲಿ. ಮನಸ್ಸಿಟ್ಟು ತುಳಿದ ಕಾಲಿನಲ್ಲಿ ಅಲ್ಲ. ಭರತನು ಹದಿನಾಲ್ಕು ವರ್ಷ ರಾಜ್ಯವನ್ನು ನಡೆಸಿದುದು ಅಣ್ಣನ ಪಾದುಕೆಗಳ ಹೆಸರಿನಲ್ಲಿ. ಸಿಂಹಾಸನಕ್ಕೆ ಕಿರೀಟವಲ್ಲದೆ ಪಾದುಕೆಯೂ ಸಲ್ಲುವುದೆಂದು ಒಪ್ಪಿದ ಜನ ನಾವು.

ಆದರೂ ಪುರುಷಸೂಕ್ತದಲ್ಲಿ ಶೂದ್ರನು ವಿರಾಟ್ಪುರುಷನ ಪಾದಗಳಿಂದ ಜನಿಸಿದನೆಂಬ ಮಾತನ್ನು ಹಿಡಿದು, ದುಡಿಯುವವರನ್ನು ಶತಮಾನಗಳ ಕಾಲ ಕೆಳಗಿಟ್ಟೆವು. ಅದೇ ಸೂಕ್ತದಲ್ಲಿ ಅದೇ ಪಾದಗಳಿಂದ ಭೂಮಿಯೂ ಹುಟ್ಟಿತೆಂಬ ಮಾತು ಉಂಟು. ಬೆಳಗಾಗೆದ್ದು ಭೂಮಿಗೆ ಕೈಮುಗಿದು, ಅವಳೊಡನೆ ಒಂದೇ ಮೂಲದಿಂದ ಬಂದವನನ್ನು ಹೊಸ್ತಿಲ ಹೊರಗೆ ನಿಲ್ಲಿಸಿದುದಕ್ಕೆ ಯಾವ ಸಮಾಧಾನವನ್ನೂ ನಾನು ಕಾಣೆ. ಅದು ಅಧರ್ಮವೇ ಸರಿ. ಮಗ್ಗದ ತುಳಿಹಲಗೆಯ ಮೇಲೆ ಪಾದವಿಟ್ಟು ದುಡಿಯುವ ನೇಕಾರರ ಕುಲದಿಂದ ಬಂದ ಜೇಡರ ದಾಸಿಮಯ್ಯನು ಆದ್ಯ ವಚನಕಾರರಲ್ಲೊಬ್ಬನಾದುದನ್ನು ಕನ್ನಡಿಗರಾದರೂ ಮರೆಯಬಾರದು.

 ಯಂತ್ರಗಳನ್ನು ಅಷ್ಟು ಕಠಿಣವಾಗಿ ವಿರೋಧಿಸಿದ ಗಾಂಧೀಜಿಯವರೂ 1924ರಲ್ಲಿ ಸಿಂಗರ್ ಹೊಲಿಗೆಯಂತ್ರಕ್ಕೆ ವಿನಾಯಿತಿಯನ್ನಿತ್ತರು. ಹೆಂಡತಿಯ ಶ್ರಮವನ್ನು ಕಂಡು ಮರುಗಿದ ಸಿಂಗರನ ಪ್ರೀತಿಯಿಂದ ಅದು ಹುಟ್ಟಿತೆಂಬುದು ಅವರು ಕೊಟ್ಟ ಕಾರಣ. ಮನುಷ್ಯನನ್ನು ಹೊರಗಟ್ಟದೆ ಅವನ ಅಂಗಗಳಿಗೆ ಗೌರವದ ಕೆಲಸವನ್ನು ಕೊಡುವ ತುಳಿಹಲಗೆಯ ಕಡಚಲಿಗೂ ಆ ವಿನಾಯಿತಿ ಸಲ್ಲತಕ್ಕದ್ದೆಂದು ನನ್ನ ನಂಬಿಕೆ.

ಇಂದು ಹೊಲಿಗೆಯಂತ್ರದ ಎರಕದ ಕಬ್ಬಿಣದ ಕಾಲುಗಳ ಮೇಲೆ ಹಲಗೆ ಹೊದಿಸಿ ಮೇಜೆಂದು ಮಾರುತ್ತಾರೆ. ಅದರ ಮುಂದೆ ಕುಳಿತವರ ಪಾದ ಏನನ್ನೂ ತಿರುಗಿಸದ ತುಳಿಹಲಗೆಯ ಮೇಲೆ ವಿಶ್ರಮಿಸುತ್ತದೆ. ಚೋರ್ ಬಜಾರಿನಲ್ಲಾಗಲಿ ಓಶಿವರಾದ ಹಳೆಯ ಪೀಠೋಪಕರಣಗಳ ಅಂಗಡಿಗಳಲ್ಲಾಗಲಿ ತುಳಿಹಲಗೆಯ ಯಂತ್ರವೊಂದು ನಿಮಗೆ ದೊರೆತರೆ, ದಯಮಾಡಿ ಅದನ್ನು ಅಲಂಕಾರಕ್ಕೆಂದು ಕಟ್ಟಿಹಾಕಬೇಡಿ. ಹೊಸ ಪಟ್ಟಿಯನ್ನು ತೊಡಿಸಿ, ಎಣ್ಣೆಯಿತ್ತು, ಮನೆಯ ಮಕ್ಕಳಿಂದ ತುಳಿಸಿರಿ. ಮಹಾನವಮಿಯ ದಿನ ಉಳಿಗೆ ಇಟ್ಟ ಕುಂಕುಮವನ್ನು ತುಳಿಹಲಗೆಗೂ ಇಡಿರಿ.